ಸಂಜೆಗೆ ಜೊತೆಯಾದ ಹಟ್ಟಿಯಮ್ಮ

ಹಟ್ಟಿಯಮ್ಮನ ಎಡಗಿವಿಯ ಹಾಲೆ ನಡುವೆ ಸೀಳಿ ಎರಡಾಗಿ ಜೋಲುತ್ತಿತ್ತು. ಬಲಗಿವಿಯಲ್ಲಿ ಹಿತ್ತಾಳೆಯ ವಾಲೆ ಇತ್ತು. ಎಡಗಿವಿಯ ಆ ಎರಡು ತುದಿಗಳು ಮಾತ್ರ ಆಕೆ ತಲೆಯಾಡಿಸಿದಾಗ, ಕುರಿಗಳನ್ನು ಕೂಗಿ ಕರೆದಾಗ, ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಅಲ್ಲಾಡುತ್ತಿದ್ದವು. ಸೆರಗು ಎಳೆದು ಅದನ್ನು ಮುಚ್ಚಿಕೊಳ್ಳುವ ಅಭ್ಯಾಸ ಆಕೆಗೆ ಇರಲಿಲ್ಲ. ಹೊಸಬರ ಕಣ್ಣು ಅಲ್ಲಿ ನಿಂತರೆ ತಾನೇ ಹೇಳಿಬಿಡುತ್ತಿದ್ದಳು.

"ಕುಡ್ದು ಪಡಖಾನೆ ಮುಂದೆ ಬಿದ್ದಿದ್ದೆ ಕಣಪ್ಪ. ಯಾರೋ ವಾಲೆ ಕಿತ್ಕಂಡು ಹೋದ್ರು. ನಂಗೆ ಗೊತ್ತಾಗಿದ್ದು ಮಾರ್ನೆ ದಿನ, ನೊಣ ಕುಂತಾಗ."

ಹೇಳುವಾಗ ದನಿಯಲ್ಲಿ ನಾಚಿಕೆಯೂ ಇರುತ್ತಿರಲಿಲ್ಲ, ಹೆಚ್ಚುಗಾರಿಕೆಯೂ ಇರುತ್ತಿರಲಿಲ್ಲ. ಕೇಳಿದವನ ತಲೆ ತಗ್ಗುತ್ತಿತ್ತು. ಅಷ್ಟರಲ್ಲಿ ಆಕೆ ಒಂದು ತೆಕ್ಕೆ ಉಣ್ಣೆ ತಂದು ಅವನ ಮುಂದೆ ಹಾಕಿ, "ಹಿಂಜು" ಎನ್ನುತ್ತಿದ್ದಳು.

ನನಗೂ ಹಾಗೆಯೇ ಆಯಿತು.

ನಾನು ಆಗ ಒಂದು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದೆ. ವರ್ಷದ ಹೆಚ್ಚು ಕಾಲ ಊರಿಂದೂರಿಗೆ ಡೇರೆ ಹಾಕುವ ಬದುಕು. ಪರದೆ ಏಳುವ ಮುಂಚೆ ಸ್ವಲ್ಪ ಕುಡಿದರೆ ಕೈ ಹಗುರಾಗುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಆಮೇಲೆ ಪರದೆ ಬಿದ್ದ ಮೇಲೂ ಬೇಕಾಯಿತು. ಕೊನೆಗೆ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಬೇಕಾಯಿತು. ಕೊರಟಗೆರೆಯ ಮೊಕ್ಕಾಮಿನಲ್ಲಿ ಒಂದು ಆಟದ ನಡುವೆ, ರಾಜಪಾರ್ಟಿನವರು ಪದ ಎತ್ತಿ ಶ್ರುತಿಗಾಗಿ ನನ್ನ ಕಡೆ ನೋಡುತ್ತಿದ್ದಾಗ, ನಾನು ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಮುಖವಿಟ್ಟು ಮಲಗಿಬಿಟ್ಟಿದ್ದೆ. ನನ್ನ ಕೆನ್ನೆ ಒತ್ತಿದ ಸ್ವರದ ಮನೆಗಳೆಲ್ಲ ಒಟ್ಟಿಗೆ ಕೂಗಿಕೊಂಡವಂತೆ. ಜನ ಹಾಸ್ಯದ ಸೀನೆಂದು ತಿಳಿದು ಚಪ್ಪಾಳೆ ತಟ್ಟಿದರಂತೆ.

ಮಾಲೀಕರು ಕೆಟ್ಟವರಲ್ಲ. ಮಾರನೆಯ ದಿನ ಹೆಗಲ ಮೇಲೆ ಕೈಯಿಟ್ಟು, "ನಿನ್ನಂಥ ಕೈ ನನಗೆ ಮತ್ತೆ ಸಿಗೋದಿಲ್ಲ ಕಣಯ್ಯಾ. ಆದರೆ ಎಚ್ಚರವಾಗಿರೋ ಕೈ ಬೇಕು" ಅಂದರು. ಕಂಪನಿಯ ಗಾಡಿಗಳು ಮುಂದಿನ ಊರಿಗೆ ಹೊರಟವು. ಪೆಟ್ಟಿಗೆ ಕಂಪನಿಯದು, ಅದೂ ಹೋಯಿತು. ನಾನು ಛತ್ರದ ಜಗಲಿಯ ಮೇಲೆ ನಡುಗುತ್ತ ಕೂತಿದ್ದೆ. ಅಪ್ಪ ಅಮ್ಮ ಇರಲಿಲ್ಲ. ಅಣ್ಣನ ಮನೆಗೆ ಹೋಗುವ ಮುಖ ಇರಲಿಲ್ಲ.

ಛತ್ರದ ಅಡಿಗೆಯವರು ಒಂದು ಲೋಟ ಮಜ್ಜಿಗೆ ತಂದಿಟ್ಟು ಹೇಳಿದರು. "ಚನ್ನರಾಯನದುರ್ಗದ ತಪ್ಪಲಲ್ಲಿ ಒಬ್ಬಳು ಇದಾಳೆ. ಕುರಿ ಸಾಕ್ಕೊಂಡು ಕಂಬಳಿ ನೇಯ್ತಾಳೆ. ನಮ್ಮಣ್ಣ ಅವಳ ಹಟ್ಟೀಲಿದ್ದು ನೆಟ್ಟಗಾದ. ನೀನು ಇಲ್ಲೇ ಕೂತರೆ ನಾಳಿದ್ದು ನಿನ್ನನ್ನ ಎತ್ತಬೇಕಾಗ್ತದೆ. ನಡಿ."

ನಡೆದೆ. ಅಲ್ಲಲ್ಲಿ ಕೂತು, ಅಲ್ಲಲ್ಲಿ ವಾಂತಿ ಮಾಡಿಕೊಂಡು, ಹೊತ್ತು ಇಳಿಯುವಾಗ ದುರ್ಗದ ಬಂಡೆಯ ನೆರಳಿಗೆ ಬಂದೆ. ಊರಿನಿಂದ ಒಂದಿಷ್ಟು ದೂರ, ಬಂಡೆಯ ಬುಡದಲ್ಲಿ, ಚಿರತೆಯ ಭಯಕ್ಕೆ ಎದೆಯುದ್ದ ಮುಳ್ಳುಬೇಲಿ ಹಾಕಿದ ಕುರಿದೊಡ್ಡಿ. ಒಳಗೆ ಎರಡು ಗುಡಿಸಲು. ಬೇಲಿಯ ಬಾಗಿಲಲ್ಲಿ ಆಕೆ ನಿಂತಿದ್ದಳು. ಐವತ್ತರ ಆಸುಪಾಸು, ಒಣಗಿದ ಮೈ, ಸೊಂಟದಲ್ಲಿ ಕತ್ತರಿ.

"ಇವತ್ತು ಕುಡ್ದಿದೀಯಾ?"

"ಇಲ್ಲ. ನಿನ್ನೆ."

"ಬಾ ಒಳೀಕೆ."

ಊರು, ಹೆಸರು, ಜಾತಿ ಯಾವುದನ್ನೂ ಕೇಳಲಿಲ್ಲ. ನಾನು "ನೀವು" ಎಂದು ಏನೋ ಹೇಳಹೊರಟಾಗ ಬೇರೆ ಯಾರಾದರೂ ಬಂದರೇ ಎಂದು ಹಿಂದೆ ತಿರುಗಿ ನೋಡಿದಳು. ಕೊನೆಯವರೆಗೂ ನನ್ನ ಬಹುವಚನ ಆಕೆಗೆ ಒಗ್ಗಲಿಲ್ಲ.

ಮೊದಲ ಕೆಲವು ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಗೋಡೆಯ ಮೇಲೆ ಹುಳ ಹರಿದಾಡುತ್ತಿದ್ದವು. ಗೋಡೆ ಮುಟ್ಟಿದರೆ ಏನೂ ಇರುತ್ತಿರಲಿಲ್ಲ. ಬಾಯಿಗೆ ಅಂಬಲಿ ಹುಯ್ಯುವ ಕೈ, ಆ ಕೈಯ ಉಣ್ಣೆಯ ಜಿಡ್ಡಿನ ವಾಸನೆ ನೆನಪಿದೆ. "ನಡುಗ್ಲಿ ಬುಡು, ನಡುಗಿ ನಡುಗಿ ಸಾಕಾದ್ಮ್ಯಾಲೆ ತಾನೇ ನಿಂತ್ಕಂತದೆ" ಎನ್ನುತ್ತ ಕಂಬಳಿಯ ಮೇಲೆ ಕಂಬಳಿ ಹೊದಿಸುತ್ತಿದ್ದದ್ದು ನೆನಪಿದೆ. ನಾನು ಬೈದೆನಂತೆ, ಒದ್ದೆನಂತೆ. ಆಮೇಲೆ ಅದನ್ನು ಕೇಳಿದಾಗ, "ಟಗರೂ ಒದೀತದೆ" ಅಂದಳು.

ಮೈ ನೆಟ್ಟಗಾದ ಮೇಲೆ ಹಟ್ಟಿಯ ದಿನಚರಿ ತಿಳಿಯಿತು. ಆಗ ಅಲ್ಲಿ ನನ್ನ ಹಾಗೆ ಇನ್ನೂ ಕೆಲವರಿದ್ದರು. ಅವರಲ್ಲಿ ನನಗೆ ಹೆಚ್ಚು ಹತ್ತಿರವಾದವನು ಮಧುಗಿರಿಯ ಒಬ್ಬ ಜಟಕಾದವನು. ದೊಡ್ಡ ಮೀಸೆ, ದೊಡ್ಡ ನಗು, ಕುದುರೆಯನ್ನು ಮಾತಾಡಿಸುವ ಹಾಗೆ ಮನುಷ್ಯರನ್ನು ಮಾತಾಡಿಸುವವನು. ಹಗಲೆಲ್ಲ ಒಬ್ಬೊಬ್ಬರು ಒಂದೊಂದು ಕಡೆ. ಕುರಿ ಹೊಡೆದುಕೊಂಡು ಹೋಗುವುದು, ಮುಳ್ಳು ಕಡಿದು ತರುವುದು, ಕಂಬಳಿಗೆ ಹಚ್ಚಲು ಹುಣಸೆಬೀಜ ಬೇಯಿಸಿ ಅರೆದು ಗಂಜಿ ಮಾಡುವುದು. ಯಾರು ಎಲ್ಲಿ ಹೋದರು ಎಂದು ಆಕೆ ಹಗಲು ವಿಚಾರಿಸುತ್ತಿರಲಿಲ್ಲ. ಆದರೆ ಸೂರ್ಯ ಬಂಡೆಯ ಹಿಂದಕ್ಕೆ ಸರಿಯುವುದರೊಳಗೆ ಎಲ್ಲರೂ ಬೇಲಿಯ ಒಳಗಿರಬೇಕು. ಬಾಗಿಲಿಗೆ ಮುಳ್ಳಿನ ಕೊಂಬೆ ಎಳೆದು, ಅಂಗಳದಲ್ಲಿ ಉಣ್ಣೆ ಸುರಿದು, ಎಲ್ಲರೂ ಸುತ್ತ ಕೂತು ಹಿಂಜಬೇಕು. ಮಾತು ಬಂದರೆ ಮಾತು, ಬಾರದಿದ್ದರೆ ಇಲ್ಲ. ಯಾಕೆ ಕುಡಿದೆ, ಯಾವಾಗಿಂದ ಕುಡಿದೆ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ.

ಕುಡಿಯುವವನಿಗೆ ಮಾತ್ರ ಗೊತ್ತು ಆ ಹೊತ್ತಿನ ಹಿಂಸೆ. ಹಗಲಿನ ಬೆಳಕು ಹೋಗಿರುತ್ತದೆ, ನಿದ್ದೆ ಬರಲು ಇನ್ನೂ ಬಹಳ ಹೊತ್ತಿರುತ್ತದೆ. ಎಲ್ಲ ಕಡೆ ಜನ ಮನೆಗೆ ಹೋಗುತ್ತಿರುತ್ತಾರೆ. ಕುಡಿಯುವವನ ಕಾಲು ತಾನಾಗಿ ಪಡಖಾನೆಯ ಕಡೆ ತಿರುಗುತ್ತದೆ, ಏಕೆಂದರೆ ಅಲ್ಲಿ ಅವನನ್ನು ಕಂಡು "ಬಂದ್ಯಾ" ಎನ್ನುವವರು ಇರುತ್ತಾರೆ. ಬಿಟ್ಟವನಿಗೆ ಹಾಗೆನ್ನಲು ಯಾರೂ ಇರುವುದಿಲ್ಲ.

ಒಂದು ಸಂಜೆ ನಾನು ಆಕೆಯನ್ನು ಕೇಳಿದೆ. "ನೀವು ಹೇಗೆ ಬಿಟ್ಟಿರಿ?"

ಆಕೆ ಉಣ್ಣೆಯಿಂದ ಒಂದು ಮುಳ್ಳು ಆರಿಸಿ ಬಿಸಾಡಿದಳು. "ಗಂಡ ಸತ್ತ. ಸಿರಾ ಸಂತೆಗೆ ಕಂಬ್ಳಿ ಹೊತ್ಕಂಡು ಹೋಗ್ತಿದ್ದೆ. ಬರೋ ದಾರೀಲಿ ಹೆಂಗಸ್ರೆಲ್ಲ ಕೂತು ಒಂದೊಂದು ಮೊಗೆ ಕುಡ್ಯೋರು, ನಾನೂ ಕುಡ್ದೆ. ಅವ್ರು ಎದ್ದು ಮನೀಗೆ ಹೋದ್ರು, ನಾನು ಏಳ್ಲಿಲ್ಲ. ನಮ್ಮಣ್ಣದೀರು ಬಂದು ನನ್ ಮಗ್ಳ ಎತ್ಕಂಡು ಹೋದ್ರು. ಸರಿಯಾಗೇ ಮಾಡುದ್ರು. ಆಮ್ಯಾಕೆ ಒಂದು ಮಳೆಗಾಲ ಜರ ಬಂದು ಬಿದ್ಕಂಡೆ. ಎದ್ದಾಗ ಹೆಂಡದ ವಾಸ್ನೆಗೇ ವಾಕರಿಕೆ ಬಂತು. ಅದೇ ನೆಪ ಮಾಡ್ಕಂಡು ಬುಟ್ಟೆ. ಬುಡಾದು ಕಷ್ಟ ಆಗ್ಲಿಲ್ಲ ಕಣ್ಲಾ. ಬುಟ್ಮ್ಯಾಲೆ ಸಂಜೆ ಹೊತ್ತು ಒಬ್ಳೇ ಕುಂತ್ಕಳಾದಿತ್ತಲ್ಲ, ಅದು ಆಗ್ಲಿಲ್ಲ."

"ಮತ್ತೆ?"

"ಹಾದೀಲಿ ಒಬ್ಬ ಕುಡುಕ ಬಿದ್ದಿದ್ದ. ಎಬ್ಬಿಸ್ಕಂಡು ಬಂದೆ. ಅವ್ನು ಆರು ತಿಂಗ್ಳು ಇದ್ದ. ನಂಗೆ ಆರು ತಿಂಗ್ಳು ಸಂಜೆ ಕಳೀತು."

ಆಗ ನನಗೆ ಅರ್ಥವಾಯಿತು. ಆಕೆ ನಮ್ಮನ್ನು ಕರುಣೆಯಿಂದ ಇಟ್ಟುಕೊಂಡಿರಲಿಲ್ಲ. ಕರುಣೆಯಾಗಿದ್ದರೆ ನಾನು ಬಹುಶಃ ಓಡಿಹೋಗುತ್ತಿದ್ದೆ. ಆಕೆಗೂ ನಾವು ಬೇಕಾಗಿದ್ದೆವು.

ಊರಿನವರು ಅದನ್ನು ಕುಡುಕರ ಹಟ್ಟಿ ಎನ್ನುತ್ತಿದ್ದರು. ಒಬ್ಬಂಟಿ ಹೆಂಗಸು ಗಂಡಸರನ್ನು ಸೇರಿಸಿಕೊಂಡಿದ್ದಾಳೆ ಎಂದು ಮೊದಮೊದಲು ಪಂಚಾಯಿತಿಯನ್ನೂ ಸೇರಿಸಿದ್ದರಂತೆ. "ನಿಮ್ಮನೇಲಿ ಇಟ್ಕಳ್ರಪ್ಪ ಹಂಗಾದ್ರೆ, ಸಾಯಂಕಾಲ ಕಳುಸ್ತೀನಿ" ಎಂದಳಂತೆ. ಯಾರೂ ಮುಂದೆ ಬರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಒಮ್ಮೆ ತುಮಕೂರಿನ ಕಡೆಯಿಂದ ಖಾದಿ ತೊಟ್ಟ ತರುಣರು ಬಂದು, ಕೊರಟಗೆರೆಯಲ್ಲಿ ಪಾನನಿರೋಧದ ಸಭೆ ಮಾಡುತ್ತೇವೆ, ನೀವು ನಾಲ್ಕು ಮಾತು ಹೇಳಬೇಕು ಎಂದು ಬಹಳ ಗೌರವದಿಂದ ಕರೆದರು. ಆಕೆಗೆ ಇಷ್ಟವಿರಲಿಲ್ಲ, ಆದರೂ ಹೋದಳು. ಅವರು ಆಕೆಯನ್ನು ಮೇಜಿನ ಪಕ್ಕ ನಿಲ್ಲಿಸಿ ಹಾರ ಹಾಕಿದರು. ಆಕೆ ಆ ಹಾರವನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಹೇಳಿದಳು.

"ಕುಡೀಬ್ಯಾಡಿ ಅಂತ ನಾನು ಹೇಳಾಕಿಲ್ಲ. ಹೇಳಿದ್ರೆ ನೀವು ಕೇಳಾಕಿಲ್ಲ. ಬುಟ್ಮ್ಯಾಲೆ ಎಲ್ಲಿಗೋಗಾದು ಅಂತ ಗೊತ್ತಾಗ್ದೆ ಇದ್ರೆ, ದುರ್ಗದ ತಾವ ಬನ್ನಿ."

ಅಷ್ಟೇ. ತರುಣರಿಗೆ ನಿರಾಸೆಯಾಯಿತು, ಇನ್ನೂ ಏನಾದರೂ ಹೇಳಿ ಎಂದು ಸನ್ನೆ ಮಾಡಿದರು. ಆಕೆ ಹಾರವನ್ನು ಮೇಜಿನ ಮೇಲಿಟ್ಟು ಇಳಿದುಬಿಟ್ಟಳು. ಸಭೆಯ ಹಿಂಬದಿಯಲ್ಲಿ ನಿಂತಿದ್ದ ಒಬ್ಬ ದರ್ಜಿ ಮಾತ್ರ ನಮ್ಮ ಹಿಂದೆಯೇ, ಸ್ವಲ್ಪ ದೂರ ಬಿಟ್ಟು, ಹಟ್ಟಿಯವರೆಗೆ ನಡೆದುಬಂದ.

ಹಟ್ಟಿಗೆ ಇದ್ದದ್ದು ಒಂದೇ ಕಟ್ಟುಪಾಡು. ಕುಡಿದು ಬಂದವನಿಗೆ ಆ ದಿನ ಬೇಲಿಯೊಳಗೆ ಜಾಗವಿಲ್ಲ. ಹಿಟ್ಟು ಕೊಡುತ್ತಿದ್ದಳು, ಕಂಬಳಿ ಕೊಡುತ್ತಿದ್ದಳು, ಬಾಗಿಲು ತೆರೆಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು ಬಂದರೆ ಏನೂ ಆಗದವಳ ಹಾಗೆ ಒಳಗೆ ಕರೆಯುತ್ತಿದ್ದಳು.

ಜಟಕಾದವನು ನನಗಿಂತ ಮುಂಚೆ ಬಂದವನು, ನನಗಿಂತ ಮುಂಚೆ ಹೋದ. ಹೆಂಡತಿ ಬಂದು ಕರೆದುಕೊಂಡು ಹೋದಳು. ಹೋಗುವಾಗ ನಮ್ಮೆಲ್ಲರ ಬೆನ್ನು ತಟ್ಟಿ, ಮಧುಗಿರಿಗೆ ಬಂದರೆ ಪುಕ್ಕಟೆ ಸವಾರಿ ಎಂದು ಕೂಗಿಕೊಂಡು ಹೋದ. ಆಮೇಲೆ ಮಾಗಿಯ ಚಳಿ ಹಿಡಿದ ಒಂದು ಸಂಜೆ, ನಾವು ಹಿಂಜುತ್ತಾ ಕೂತಿದ್ದಾಗ, ಬೇಲಿಯಾಚೆ ಅವನ ದನಿ ಕೇಳಿಸಿತು. ಹಳೆಯ ದೊಡ್ಡ ದನಿಯೇ, ಆದರೆ ಅದರೊಳಗೆ ಅಳು ಸೇರಿತ್ತು.

"ಅವ್ವಾ, ಬಾಗ್ಲು ತೆಗಿಯವ್ವಾ."

ಗಾಳಿಯಲ್ಲಿ ಸಾರಾಯಿಯ ವಾಸನೆ ಬಂತು. ನನ್ನ ಬಾಯಲ್ಲಿ ನೀರೂರಿತು. ದರ್ಜಿ ಮುಖಕ್ಕೆ ಪಂಚೆ ಒತ್ತಿಕೊಂಡ. ಹಟ್ಟಿಯಮ್ಮ ಎದ್ದು ಬೇಲಿಯ ಬಳಿ ಹೋದಳು.

"ಬೆಳಿಗ್ಗೆ ತೆಗೀತೀನಿ ಮಗಾ. ಇವತ್ತು ಹುಣ್ಸೆ ಮರದ ಕೆಳಗೆ ಮಲ್ಕ. ಬೆಂಕಿ ಹಾಕ್ಕೊಡ್ತೀನಿ."

"ನಾನೇನು ನಾಯಿನಾ?"

"ನಾಯಿ ಅಲ್ಲ ಕಣಪ್ಪ. ಒಳ್ಗೆ ಇರೋರ್ಗೆ ವಾಸ್ನೆ ತಡ್ಯಾಕಾಗಾಕಿಲ್ಲ. ನಿಂಗೇ ಗೊತ್ತಲ್ಲ."

ಬೇಲಿಯ ಮೇಲಿಂದ ಮುದ್ದೆ ಮತ್ತು ಕಂಬಳಿ ನೀಡಿದಳು. ಅವನು ಎರಡನ್ನೂ ನೆಲಕ್ಕೆ ಬಿಸಾಡಿದ. ಒಂದಷ್ಟು ಹೊತ್ತು ಬೈದ. ಆಮೇಲೆ ಅವನ ಹೆಜ್ಜೆಯ ಸದ್ದು ದೂರವಾಯಿತು. ಆಕೆ ಬೇಲಿಯ ಬಳಿ ನಿಂತೇ ಇದ್ದಳು.

ಮಾರನೆಯ ಮಧ್ಯಾಹ್ನ ಒಬ್ಬ ಗಾಡಿಯವನು ಸುದ್ದಿ ತಂದ. ತೋವಿನಕೆರೆಯ ದಾರಿಯಲ್ಲಿ ಕೆರೆ ಏರಿಯಿಂದ ಜಾರಿ ಬಿದ್ದು ಸತ್ತಿದ್ದಾನೆ.

ಹಟ್ಟಿಯಮ್ಮ ಮಣ್ಣಿಗೆ ಹೋದಳು. ನಾವು ಬೇಡವೆಂದರೂ ಕೇಳಲಿಲ್ಲ, ನಾನೂ ಜೊತೆಗೆ ಹೋದೆ. ಮಧುಗಿರಿಯಲ್ಲಿ ಅವನ ಮನೆಯ ಮುಂದೆ, ಅಷ್ಟು ಜನರ ನಡುವೆ, ಅವನ ಹೆಂಡತಿ ಎದ್ದು ಬಂದು ಆಕೆಯ ಎದುರು ನಿಂತಳು. "ಒಂದಿನ ಒಳಗೆ ಬಿಟ್ಕೊಂಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?" ಎಂದು ಕೇಳಿದಳು. ಅಲ್ಲಿದ್ದವರು ನಮ್ಮನ್ನು ಹೋಗಿ ಎಂದರು. ವಾಪಸ್ಸು ದಾರಿಯುದ್ದಕ್ಕೂ ಹಟ್ಟಿಯಮ್ಮ ನನ್ನ ಮುಂದೆ ನಡೆದಳು. ನಾನು ಏನೋ ಸಮಾಧಾನ ಹೇಳಲು ಹೋದರೆ ಹೆಜ್ಜೆ ಬಿರುಸಾಗುತ್ತಿತ್ತು.

ಆಮೇಲೆ ಆಕೆ ಬೇಲಿಯಾಚೆ, ಹುಣಸೆಮರದ ಕೆಳಗೆ, ತಾನೇ ನಿಂತು ಒಂದು ಸಣ್ಣ ಗುಡ್ಲು ಹಾಕಿಸಿದಳು. ಕಟ್ಟುಪಾಡು ಹಾಗೇ ಉಳಿಯಿತು. ಕುಡಿದು ಬಂದವನಿಗೆ ಬೇಲಿಯ ಬಾಗಿಲು ತೆರೆಯಲಿಲ್ಲ. ಆದರೆ ಅಂಥವನು ಬಂದ ದಿನ ಆಕೆಯೇ ಆಚೆ ಹೋಗಿ, ಅವನಿಗೆ ನಿದ್ದೆ ಹತ್ತುವವರೆಗೆ ಆ ಗುಡ್ಲಿನಲ್ಲಿ ಕೂತಿರುತ್ತಿದ್ದಳು. ನಾವು ಒಳಗೆ ಸುರಕ್ಷಿತವಾಗಿರುತ್ತಿದ್ದೆವು. ಆ ವಾಸನೆಯ ಎದುರು ಆಕೆ ಒಬ್ಬಳೇ. ನಾನು ಬರುತ್ತೇನೆ ಎಂದು ಒಂದು ಸಲ ಎದ್ದರೆ, ಬೆರಳು ತೋರಿಸಿ ಕೂರಿಸಿದಳು.

ಆ ಬೇಸಗೆಯಲ್ಲಿ, ಆಕೆಯ ಮಗಳಿಗೆ ಮಗುವಾಗಿದೆ ಎಂಬ ಸುದ್ದಿ ಯಾರೋ ಕುರಿಯವರ ಬಾಯಲ್ಲಿ ಬಂತು. ಅಣ್ಣಂದಿರು ಆ ಹುಡುಗಿಯನ್ನು ಬೆಳೆಸಿ ಪಾವಗಡದ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಗೆ ತಾಯಿಯನ್ನು ಕರೆದಿರಲಿಲ್ಲ. ಹಟ್ಟಿಯಮ್ಮ ಕುರಿಮರಿಯ ಮೊದಲ ಉಣ್ಣೆ ಆರಿಸಿ, ಮೊಳದಗಲದ ಮೆತ್ತನೆಯ ಕಂಬಳಿಯೊಂದನ್ನು ನೇಯ್ದಳು. ಅದಕ್ಕೆ ಹುಣಸೆಬೀಜದ ಗಂಜಿ ಹಚ್ಚಲಿಲ್ಲ, ಮಗುವಿನ ಮೈಗೆ ಒರಟಾಗುತ್ತದೆ ಎಂದು. "ಜೊತೀಗೆ ಬತ್ತೀಯೇನ್ಲಾ?" ಎಂದು ನನ್ನನ್ನು ಕೇಳಿದಳು. ಆಕೆ ನನ್ನಿಂದ ಏನನ್ನಾದರೂ ಕೇಳಿದ್ದು ಅದೇ ಮೊದಲು.

ಮಧುಗಿರಿಗೆ ನಡೆದು, ಅಲ್ಲಿಂದ ಪಾವಗಡಕ್ಕೆ ಬಸ್ಸು, ಅಲ್ಲಿಂದ ಮತ್ತೆ ಬಿಸಿಲಲ್ಲಿ ನಡಿಗೆ. ಬಂಡೆಗಳ ನಡುವಿನ ಆ ಊರಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಮಗಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಲ್ಲಿ ನಿಂತವಳು ನೋಡಿದ ಕೂಡಲೇ ತಾಯಿಯನ್ನು ಗುರುತು ಹಿಡಿದಳು. ಅದೇ ಹಣೆ, ಅದೇ ಒಣಗಿದ ಮೈ.

"ಎಂದುಕೊಚ್ಚಿನಾವು?" ಅಂದಳು. ತಾಯಿಗೆ ತಿಳಿಯಲಿಲ್ಲವೆಂದು ಕಂಡು ಕನ್ನಡದಲ್ಲಿ ಮತ್ತೆ ಕೇಳಿದಳು. "ಯಾಕೆ ಬಂದೆ?"

"ಕೂಸಿಗೆ ಕಂಬ್ಳಿ ತಂದಿವ್ನಿ."

"ಇಲ್ಲಿ ಯಾರ್ಗೂ ಗೊತ್ತಿಲ್ಲ ನಿನ್ ಸುದ್ದಿ. ನಮ್ಮತ್ತೆಗೆ ನಮ್ಮಮ್ಮ ಸತ್ತೋಗವ್ಳೆ ಅಂತ ಹೇಳೈತೆ."

"ನಾನೀಗ ಕುಡ್ಯಾಕಿಲ್ಲ ಕಣಮ್ಮ. ಬಾಳ ವರ್ಸ ಆತು."

ಮಗಳು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಜಗಲಿಯ ಅಂಚಿನಲ್ಲಿಟ್ಟಳು. ಒಳಗೆ ಮಗು ಅತ್ತಿತು. ಇಬ್ಬರೂ ಆ ಕಡೆ ತಿರುಗಿದರು. ಹಟ್ಟಿಯಮ್ಮನ ಮುಖ ನೋಡಲಾರದೆ ನಾನು ಬೀದಿಯ ಕಡೆ ನೋಡಿದೆ. ಆಕೆ ನೀರು ಕುಡಿದು, ಕಂಬಳಿಯನ್ನು ಮಡಿಸಿ ಜಗಲಿಯ ಮೇಲಿಟ್ಟು, "ಬತ್ತೀನಿ" ಅಂದಳು. ಮಗಳು ಬಾಗಿಲಿಗೆ ಒರಗಿ ನಿಂತೇ ಇದ್ದಳು. ಬೀದಿಯ ತಿರುವಿನಲ್ಲಿ ನಾನು ಹಿಂದಿರುಗಿ ನೋಡಿದಾಗಲೂ ಹಾಗೇ ನಿಂತಿದ್ದಳು.

ಪಾವಗಡದ ದಾರಿಯಲ್ಲಿ ಒಂದು ಹಳ್ಳದ ಪಕ್ಕ ಈಚಲ ವನ. ನಾವು ಅಲ್ಲಿಗೆ ಬರುವಾಗ ಹೊತ್ತು ಇಳಿಯುತ್ತಿತ್ತು. ಮರಗಳಿಂದ ಮಡಕೆ ಇಳಿಸಿ ಹೆಂಡ ಬಗ್ಗಿಸುತ್ತಿದ್ದರು. ಕೆಲಸ ಮುಗಿಸಿದ ಗಂಡಸರು ಹೆಂಗಸರು ದೊನ್ನೆ ಹಿಡಿದು ಕೂತು ನಗುತ್ತಿದ್ದರು. ಒಬ್ಬ ಹೆಂಗಸು ಹಟ್ಟಿಯಮ್ಮನನ್ನು ನೋಡಿ, "ರಾವಮ್ಮ, ಕೂಚೋ" ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಬಹಳ ಪ್ರೀತಿಯಿಂದ ಕರೆದಳು. ಅಂದು ಇಡೀ ದಿನ ಆಕೆಯನ್ನು ಯಾರಾದರೂ ಕೂರು ಎಂದು ಕರೆದಿದ್ದರೆ ಅದು ಆ ಒಬ್ಬಳೇ.

ಹಟ್ಟಿಯಮ್ಮ ನಿಂತುಬಿಟ್ಟಳು. ಅಲುಗಾಡಲಿಲ್ಲ. ನಾನು ಕರೆದೆ, ಕೇಳಿಸಲಿಲ್ಲ. ಆಮೇಲೆ, ನೆಲ ನೋಡುತ್ತಲೇ, ನನ್ನ ಹೆಗಲ ಮೇಲಿನ ವಸ್ತ್ರದ ತುದಿ ಹಿಡಿದುಕೊಂಡಳು.

"ಮಾತಾಡ್ಲಾ."

"ಏನು ಮಾತಾಡ್ಲಿ?"

"ಏನಾರ. ನಿಲ್ಲುಸ್ಬ್ಯಾಡ."

ನನ್ನ ತಲೆಯಲ್ಲಿ ಕಂಠಪಾಠವಾಗಿ ಇದ್ದದ್ದು ನಾಟಕ ಒಂದೇ. ಹೆಜ್ಜೆ ಕಿತ್ತಿಡುತ್ತ ಅದನ್ನೇ ಶುರುಮಾಡಿದೆ. ರಾಜನ ಮಾತು, ಮಂತ್ರಿಯ ಮಾತು, ವಿದೂಷಕನ ಮಾತು; ರಾಣಿಯ ಪಾರ್ಟು ಬಂದಾಗ ಕೀಚಲು ದನಿ. ಪದಗಳನ್ನು ಹಾಡಿದೆ, ಹಾಡಿನ ನಡುವೆ ಪೆಟ್ಟಿಗೆಯ ಸ್ವರವನ್ನು ಬಾಯಲ್ಲೇ ನುಡಿಸಿದೆ. ಕುಡಿಯದೆ ನನ್ನಿಂದ ಒಂದು ಸ್ವರವೂ ಹೊರಡುವುದಿಲ್ಲ ಎಂದು ನಾನು ನಂಬಿದ್ದೆ. ಅಂದು ಅದನ್ನು ಯೋಚಿಸಲು ಹೊತ್ತಿರಲಿಲ್ಲ. ದನಿ ಒಡೆದಿತ್ತು, ಶ್ರುತಿ ಎಲ್ಲೋ ಹೋಗಿತ್ತು. ದನ ಹೊಡೆದುಕೊಂಡು ಬರುತ್ತಿದ್ದವರು ನಿಂತು ನೋಡಿದರು. ಹಟ್ಟಿಯಮ್ಮ ವಸ್ತ್ರದ ತುದಿ ಬಿಡದೆ ನನ್ನ ಹಿಂದೆ ನಡೆದುಬಂದಳು.

ಪಾವಗಡದ ಬಸ್ಸು ನಿಲ್ಲುವ ಕಡೆ ಬಂದು ಕಲ್ಲಿನ ಮೇಲೆ ಕೂತ ಮೇಲೆ ವಸ್ತ್ರ ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಆ ರಾಣಿ ಕೊನೀಗೆ ಏನಾದ್ಲು?"

"ಬದುಕಿಕೊಂಡಳು" ಅಂದೆ. ನಾಟಕದಲ್ಲಿ ಆಕೆ ಸಾಯುತ್ತಾಳೆ.

"ಅಂಗಾದ್ರೆ ಸರಿ" ಅಂದಳು.

ಆ ದಿನದ ಮಾತನ್ನು ಆಮೇಲೆ ನಾವಿಬ್ಬರೂ ಎತ್ತಲಿಲ್ಲ. ಒಂದೇ ಒಂದು ಸಲ, ಹೊಸದಾಗಿ ಬಂದ ಒಬ್ಬನು, ಬಿಟ್ಟರೆ ನನ್ನ ಹೆಂಡತಿ ಮಕ್ಕಳು ವಾಪಸ್ಸು ಬರುತ್ತಾರೆಯೇ ಎಂದು ಕೇಳಿದಾಗ ಆಕೆ ನನ್ನ ಕಡೆ ಒಮ್ಮೆ ನೋಡಿ ಅವನಿಗೆ ಹೇಳಿದಳು. "ಬಂದ್ರೂ ಬರಬೌದು. ಬರ್ದೇನೂ ಇರಬೌದು. ಅದ್ನ ನೆಚ್ಕಂಡು ಬುಡಬ್ಯಾಡ ಕಣಪ್ಪ. ಬರ್ದೇ ಇದ್ರೆ ತಿರ್ಗ ಹೋಯ್ತೀಯ."

ಇನ್ನೊಂದು ಮಳೆಗಾಲ ಕಳೆದ ಮೇಲೆ ಆಕೆಯೇ ನನ್ನನ್ನು ಕಳಿಸಿದಳು. ನಾನು ಹೋಗಲಾರೆ ಎಂದೆ.

"ಇಲ್ಲೇ ಇದ್ರೆ ನೀನು ಇಲ್ಲಿ ಮಾತ್ರ ಕುಡ್ಯಾಕಿಲ್ಲ ಕಣ್ಲಾ. ಹೋಗು. ಒಂದು ರೂಮು ಹಿಡ್ಕ. ನಿನ್ ಕೆಲ್ಸ ನೋಡ್ಕ. ಆಗ್ದೇ ಇದ್ರೆ ಬಾ, ಬೇಲಿ ಇಲ್ಲೇ ಇರ್ತದೆ."

ಕೊರಟಗೆರೆಯಲ್ಲಿ ಒಂದು ಕೋಣೆ ಹಿಡಿದೆ. ಯಾರದೋ ಮನೆಯ ಅಟ್ಟದಲ್ಲಿದ್ದ ಹಳೆಯ ಪೆಟ್ಟಿಗೆ ರಿಪೇರಿ ಮಾಡಿಕೊಂಡು ಮನೆಮನೆಗೆ ಹೋಗಿ ಮಕ್ಕಳಿಗೆ ಸಂಗೀತ ಹೇಳಿಕೊಟ್ಟೆ. ಮೊದಲ ಸಂಜೆಗಳು ಘೋರವಾಗಿದ್ದವು. ದೀಪ ಹಚ್ಚಿದರೆ ಕೋಣೆ ಇನ್ನಷ್ಟು ಖಾಲಿಯಾಗಿ ಕಾಣುತ್ತಿತ್ತು. ಹಳೆಯ ಕುಡಿತದ ಗೆಳೆಯನೊಬ್ಬ ಬೀದಿಯಲ್ಲಿ ಸಿಕ್ಕಿ, ಎರಡು ಮಾತಾಡಿ, ಮೂರನೆಯದಕ್ಕೆ ಏನೂ ಇಲ್ಲದೆ ಹೋಗಿಬಿಟ್ಟ. ಕುಡಿತ ಬಿಟ್ಟರೆ ನಮ್ಮ ನಡುವೆ ಬೇರೆ ಏನೂ ಇರಲಿಲ್ಲ ಎಂಬುದು ಅವತ್ತು ತಿಳಿಯಿತು. ತಡೆಯಲಾರದ ದಿನ ಕೋಣೆಗೆ ಬೀಗ ಹಾಕಿ ದುರ್ಗಕ್ಕೆ ನಡೆದುಬಿಡುತ್ತಿದ್ದೆ. "ಬಂದ್ಯಾ" ಎನ್ನುತ್ತಿದ್ದಳು. ಕೂತು ಹಿಂಜಿ, ಉಂಡು, ಮಲಗಿ, ಬೆಳಿಗ್ಗೆ ಹಿಂದಿರುಗುತ್ತಿದ್ದೆ. ಬರುಬರುತ್ತ ಅಂಥ ದಿನಗಳು ವಿರಳವಾದವು.

ಯುದ್ಧದ ಕಾಲ ಬಂತು. ಇದ್ದಿಲು ಉರಿಸಿ ಓಡುವ ಬಸ್ಸುಗಳು ಬಂದವು. ಪಟ್ಟಣದ ಕಂಟ್ರಾಕ್ಟರರು ಸೈನ್ಯಕ್ಕೆಂದು ಸಿರಾ ಸಂತೆಯ ಕಂಬಳಿಗಳನ್ನೆಲ್ಲ ಕೊಂಡೊಯ್ದರು. ಆಕೆಗೆ ಕೆಮ್ಮು ಹಿಡಿದಿತ್ತು. ಆಸ್ಪತ್ರೆಗೆ ಹೋಗೋಣವೆಂದರೆ, ಸಂಜೆಯೊಳಗೆ ವಾಪಸ್ಸು ಬರಲು ಆಗುವುದಿಲ್ಲ ಎಂದು ಒಪ್ಪುತ್ತಿರಲಿಲ್ಲ.

ಯುದ್ಧ ಮುಗಿದ ಮಾರನೆಯ ವರ್ಷ, ಒಂದು ಬೆಳಿಗ್ಗೆ ನಾನು ಪಾಠಕ್ಕೆ ಹೊರಟಿದ್ದಾಗ, ಹಟ್ಟಿಯ ಕಡೆಯ ಕುರಿಯವನೊಬ್ಬ ಬಂದು ಬಾಗಿಲಲ್ಲಿ ನಿಂತ. "ರಾತ್ರಿ ಅಮ್ಮ ಹೋಯ್ತು" ಅಂದ. ಮಗಳ ಊರಿಗೂ ಆಗಲೇ ಆಳು ಹೋಗಿತ್ತು.

ನಾನು ಹೋಗುವ ಹೊತ್ತಿಗೆ ಗುಂಡಿ ತೋಡುತ್ತಿದ್ದರು. ದೊಡ್ಡಿಯ ಸುತ್ತಮುತ್ತ ಗಂಡಸರು ಕೂತಿದ್ದರು. ಎಷ್ಟೋ ಜನ ನನಗೆ ಗೊತ್ತಿಲ್ಲದವರು. ನನಗಿಂತ ಮುಂಚೆ ಬಂದು ಹೋದವರು, ಆಮೇಲೆ ಬಂದವರು. ಹೊಳವನಹಳ್ಳಿಯ ಒಬ್ಬ ಶ್ಯಾನುಭೋಗರು ರುಮಾಲು ಕೈಯಲ್ಲಿ ಹಿಡಿದು ಬರಿತಲೆಯಲ್ಲಿ ಕೂತಿದ್ದರು. ಸಿರಾದ ಒಬ್ಬ ವಯಸ್ಸಾದ ಸಾಹೇಬರು ಬೇಲಿಗೆ ಮುಖ ಮಾಡಿ ನಿಂತು ಬಾಯೊಳಗೇ ದುವಾ ಹೇಳಿಕೊಳ್ಳುತ್ತಿದ್ದರು. ನಮ್ಮ ದರ್ಜಿ ಇದ್ದ. ಯಾರೂ ಯಾರನ್ನೂ ನೀವು ಯಾರು ಎಂದು ಕೇಳಲಿಲ್ಲ. ಎಲ್ಲರೂ ಇಲ್ಲಿಗೆ ಬಂದದ್ದು ಯಾಕೆ ಎಂದು ಎಲ್ಲರಿಗೂ ಗೊತ್ತಿತ್ತು.

ಮಣ್ಣು ಮುಚ್ಚಿ ಕೈ ತೊಳೆದುಕೊಳ್ಳುವಾಗ ಒಬ್ಬ ಹೆಂಗಸು ದಾರಿಯಲ್ಲಿ ಬರುವುದು ಕಂಡಿತು. ಮಗಳು. ಒಬ್ಬಳೇ ಬಂದಿದ್ದಳು. ಗುಂಪಿನಲ್ಲಿ ನನ್ನ ಮುಖ ಗುರುತಿಸಿ ನನ್ನ ಹತ್ತಿರ ಬಂದಳು. ಮಣ್ಣಿನ ಕಡೆ ನೋಡಲಿಲ್ಲ.

"ಕೊನೀಗೆ ಕುಡುದ್ಲಾ?"

"ಇಲ್ಲಮ್ಮ."

"ಒಂದ್ಸಲಾನೂ?"

"ಇಲ್ಲ."

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಡಿಸುತ್ತ ನಿಂತಳು. ಆಮೇಲೆ ಕೇಳಿದಳು. "ನಾನು ಬಾಗ್ಲಾಗೆ ನಿಲ್ಸಿ ಕಳ್ಸಿದ್ನಲ್ಲ. ಆವತ್ತು?"

"ಆವತ್ತೂ ಇಲ್ಲ. ನಾನು ಜೊತೇಲೇ ಇದ್ದೆ."

ಆಕೆ ತಲೆಯಾಡಿಸಿದಳು. ಆಮೇಲೆ ನನಗೆ ಹೇಳುತ್ತಿರುವಂತೆ ಅಲ್ಲ, ಸುಮ್ಮನೆ ಹೇಳಿದಳು. "ಹಿಂದಿಂದೇ ಬರ್ಬೇಕು ಅಂತ ಬೀದಿ ತಂಕ ಬಂದಿದ್ದೆ. ಈಚ್ಲ ವನದ ತಾವ ಕುಡ್ದು ಬಿದ್ದಿರ್ತಾಳೆ, ಅದ್ನ ನೋಡ್ಬೇಕಾಗ್ತದೆ ಅಂತ ವಾಪಸ್ ಹೋಗ್ಬುಟ್ಟೆ."

ಆಕೆ ಸೆರಗನ್ನು ತಲೆಗೆ ಎಳೆದುಕೊಂಡು ಹೊಸ ಮಣ್ಣಿನ ಹತ್ತಿರ ಹೋಗಿ ಕೂತಳು. ನಾವು ಗಂಡಸರೆಲ್ಲ ಆ ಕಡೆ ಬೆನ್ನು ಹಾಕಿ ನಿಂತುಕೊಂಡೆವು. ಹೊತ್ತು ಬಂಡೆಯ ಹಿಂದಕ್ಕೆ ಸರಿಯುತ್ತಿತ್ತು. ಹೊರಡಬೇಕಾದವರು ಯಾರೂ ಹೊರಡಲಿಲ್ಲ.

ಆ ಹಟ್ಟಿ ಈಗ ಇಲ್ಲ. ಅಣ್ಣಂದಿರ ಮಕ್ಕಳು ಕುರಿಗಳನ್ನು ಹೊಡೆದುಕೊಂಡು ಹೋದರು, ಬೇಲಿ ಗೆದ್ದಲು ಹಿಡಿಯಿತು. ನಾನು ಕೊರಟಗೆರೆಯ ಅದೇ ಕೋಣೆಯಲ್ಲಿ ಮುದುಕನಾಗಿದ್ದೇನೆ, ಕುಡಿಯದೆ ಮುದುಕನಾಗಿದ್ದೇನೆ. ದೀಪ ಹಚ್ಚುವ ಹೊತ್ತಿಗೆ ಪಾಠವೆಲ್ಲ ಮುಗಿಸಿ ಬಾಗಿಲು ತೆರೆದಿಟ್ಟು ಕೂರುತ್ತೇನೆ. ಹೀಗೊಬ್ಬನಿದ್ದಾನೆ ಎಂದು ಛತ್ರದವರಿಗೆ, ಬಸ್ಸಿನವರಿಗೆ ಹೇಳಿಟ್ಟಿದ್ದೇನೆ. ಆಗೊಮ್ಮೆ ಈಗೊಮ್ಮೆ ಒಬ್ಬ ಬರುತ್ತಾನೆ, ನಡುಗುವ ಕೈಯನ್ನು ಕಂಕುಳಲ್ಲಿ ಮುಚ್ಚಿಕೊಂಡು ಹೊಸ್ತಿಲಾಚೆ ನಿಲ್ಲುತ್ತಾನೆ. ಕೆಲವು ದಿನ ಇರುತ್ತಾನೆ, ಹೋಗುತ್ತಾನೆ. ಯಾರೂ ಬಾರದ ಸಂಜೆಗಳೇ ಹೆಚ್ಚು. ಆಗಲೂ ಬಾಗಿಲು ಹಾಕಲು ಮನಸ್ಸು ಬರುವುದಿಲ್ಲ.